ಬೂದಿ ಬಿದ್ದ ವಾರ

ಬುಧವಾರ ಬೆಳಿಗ್ಗೆ ಒತೀಲಿಯಾ ಬಾಗಿಲು ತೆಗೆದರೆ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು. ದೋನ್ ಗೋಯೊ ಮತ್ತೆ ಕೆಮ್ಮಿದ್ದ. ಅಮೆಕಾಮೆಕಾ ಊರಿನವರು ತಮ್ಮ ಜ್ವಾಲಾಮುಖಿಯನ್ನು ಮನೆಯ ಹಿರಿಯನಂತೆ ಹೆಸರಿಟ್ಟೇ ಕರೆಯುತ್ತಾರೆ. ಅವನು ಬೂದಿ ಉಗುಳಿದರೆ ಅಂಗಳ ಗುಡಿಸಿ ಸುಮ್ಮನಾಗುತ್ತಾರೆ. ಒತೀಲಿಯಾ ಪೊರಕೆ ಮುಟ್ಟಲಿಲ್ಲ. ಶಾಲನ್ನು ಮೂಗಿಗೆ ಸುತ್ತಿಕೊಂಡು ಇಳಿಜಾರಿನ ತೋಟಕ್ಕೆ ಓಡಿದಳು.

ಆರುನೂರು ಪೈನ್ ಮರಗಳೂ ಬೂದಿ ಹೊದ್ದು ನಿಂತಿದ್ದವು. ಶನಿವಾರ ಗೇಟು ತೆರೆಯಬೇಕಿತ್ತು. ತೋಟ ಮಾಡಿದ ಮೇಲೆ ಮೊದಲನೆಯ ಮಾರಾಟ.

ಹನ್ನೆರಡು ವರ್ಷ ಅವಳು ಬೇರೆಯವರ ದೊಡ್ಡ ತೋಟದಲ್ಲಿ ಮರ ಸವರುವ ಕೂಲಿ ಮಾಡಿದ್ದಳು. ಡಿಸೆಂಬರ್ ಬಂತೆಂದರೆ ರಾಜಧಾನಿಯ ಸಂಸಾರಗಳು ಅಲ್ಲಿಗೆ ಬಂದು, ತಾವೇ ಗರಗಸ ಹಿಡಿದು ಕ್ರಿಸ್‌ಮಸ್ ಮರ ಕೊಯ್ದು, ಕಾರಿನ ನೆತ್ತಿಗೆ ಕಟ್ಟಿಕೊಂಡು ಹೋಗುತ್ತಿದ್ದವು. ಅದನ್ನು ನೋಡಿ ನೋಡಿ, ತಾಯಿಯಿಂದ ಬಂದ ಮೆಕ್ಕೆಜೋಳದ ಹೊಲದಲ್ಲಿ ತಾನೂ ಸಸಿ ನೆಟ್ಟಳು. ಗಂಡ ಲಿಯೊಬಾರ್ದೊ ಎರಡು ದಿನ ಮಾತು ಬಿಟ್ಟ. ನಾದಿನಿ ಪೆತ್ರ ಬಿಡಲಿಲ್ಲ.

"ಅತ್ತಿಗೆ, ಜೋಳ ಆದ್ರೆ ಹಸಿವಾದಾಗ ಸುಟ್ಕೊಂಡಾದ್ರೂ ತಿನ್ಬೋದು. ಈ ಸೂಜಿಮರಾನ ಏನ್ ಮಾಡ್ತೀಯಾ, ಸಾರಿಗೆ ಹಾಕ್ತೀಯಾ?"

ಒತೀಲಿಯಾ ನಕ್ಕು ಇನ್ನೊಂದು ಸಸಿಗೆ ಗುಂಡಿ ತೋಡಿದ್ದಳು. ಅದೇ ಹೆದರಿಕೆ ಅವಳಿಗೂ ಇತ್ತು. ಮೊದಲ ಚಳಿಗಾಲ ಕಾಲುಭಾಗ ಸಸಿ ಹಿಮಕ್ಕೆ ಕರಕಲಾದವು. ಮರುವರ್ಷ ಹೆಗ್ಗಣಗಳು ಬೇರು ಕಡಿದವು. ಸತ್ತ ಜಾಗದಲ್ಲಿ ಮತ್ತೆ ನೆಟ್ಟಳು. ಹೀಗೆ ಏಳು ವರ್ಷ, ಪ್ರತಿ ಮಳೆಗಾಲ ಮಚ್ಚು ಹಿಡಿದು ಒಂದೊಂದು ಮರವನ್ನೂ ಗೋಪುರದ ಆಕಾರಕ್ಕೆ ಸವರಿದಳು.

"ಟ್ಯಾಂಕರ್ ಕರೆಸ್ತೀನಿ, ನೀರು ಹೊಡೆದ್ಬಿಡೋಣ," ಎಂದ ಲಿಯೊಬಾರ್ದೊ, ಆ ಬುಧವಾರ ಅವಳ ಹಿಂದೆಯೇ ಏದುಸಿರು ಬಿಡುತ್ತ ತೋಟಕ್ಕೆ ಬಂದು.

"ತಡಿ, ಮೊದ್ಲು ಒಂದಕ್ಕೆ ಹಾಕಿ ನೋಡೋಣ."

ಒಂದು ಬಕೆಟ್ ನೀರು ಸುರಿದರು. ಬೂದಿ ಹೋಗಲಿಲ್ಲ, ಕೆಸರಾಗಿ ಎಲೆಗಳಿಗೆ ಮೆತ್ತಿಕೊಂಡಿತು. ಬಿಸಿಲು ತಾಗಿದ್ದೇ ಗಾರೆಯ ಹಾಗೆ ಗಟ್ಟಿಯಾಯಿತು.

"ಆರುನೂರು ಮರಾನೂ ನಾವೇ ಕೈಯಾರೆ ಸಾಯಿಸ್ತಿದ್ವಲ್ಲೇ," ಎಂದು ಲಿಯೊಬಾರ್ದೊ ಅಲ್ಲೇ ಕುಳಿತ.

ಉಳಿದದ್ದು ಒಂದೇ ದಾರಿ, ಒಣಗಿದ್ದಾಗಲೇ ಕೊಡವುವುದು. ದಿಬ್ಬದ ಮೇಲಿನ ಸಾಲಿನಿಂದ ಶುರು ಮಾಡಿದರು. ಬುಡ ಹಿಡಿದು ಅಲುಗಿಸುವುದು, ಮೆತ್ತನೆಯ ಪೊರಕೆಯಿಂದ ತುದಿಯಿಂದ ಬುಡದವರೆಗೆ ಸವರುವುದು. ಕಣ್ಣು ಉರಿಯುತ್ತಿತ್ತು, ಹಲ್ಲಲ್ಲಿ ಬೂದಿ ಮರಳಿನ ಹಾಗೆ ಕರಕರ ಎನ್ನುತ್ತಿತ್ತು. ಗುರುವಾರ ಸಂಜೆಗೆ ಅರ್ಧ ತೋಟ ಹಸಿರಾಗುವಷ್ಟರಲ್ಲಿ ಗಾಳಿ ತಿರುಗಿ, ಕೊಡವಿದ ಮರಗಳ ಮೇಲೆ ಮತ್ತೆ ತೆಳ್ಳಗೆ ಬೂದಿ ಉದುರಿತು. ಒತೀಲಿಯಾಳಿಗೆ ಅಳು ಉಕ್ಕಿ ಬಂತು. ಅತ್ತರೆ ಕಣ್ಣು ಇನ್ನಷ್ಟು ಉರಿಯುತ್ತದೆಂದು ತಡೆದುಕೊಂಡಳು.

ಶುಕ್ರವಾರ ಪೆತ್ರ ಬಂದಳು. "ಸಂತೇಲಿ ಮಾತಾಡ್ತಿದ್ರು, ರಸ್ತೆ ಮುಚ್ತಾರಂತೆ. ಯಾರೂ ಬರಲ್ವಂತೆ."

"ಇದನ್ನ ಹೇಳೋಕೇ ಇಷ್ಟು ದೂರ ಬಂದ್ಯಾ?"

"ಅಲ್ಲ. ಆ ಪೊರಕೆ ಇತ್ಲಾಗ್ ಕೊಡು."

ಶನಿವಾರ ಎಂಟಕ್ಕೆ ಗೇಟು ತೆರೆಯಿತು. ಬಂದವರಿಗೆ ಕೊಡಲೆಂದು ಸೀಬೆ, ಕಬ್ಬು ಹಾಕಿ ಕುದಿಸಿದ ಪಾನಕ ದೊಡ್ಡ ಪಾತ್ರೆಯಲ್ಲಿ ಆವಿಯಾಡುತ್ತಿತ್ತು. ಒಂಬತ್ತಾಯಿತು. ರಸ್ತೆ ತೆರೆದೇ ಇತ್ತು, ಆದರೆ ಕಾರುಗಳು ಇವರ ಗೇಟಿನತ್ತ ತಿರುಗದೆ ದೊಡ್ಡ ತೋಟಗಳ ಕಡೆ ಹೋಗುತ್ತಿದ್ದವು. ಪ್ರತಿ ಕಾರಿನ ಸದ್ದಿಗೂ ಒತೀಲಿಯಾ ಎದ್ದು ನಿಲ್ಲುವಳು, ಮತ್ತೆ ಕೂರುವಳು. ಪಾನಕವನ್ನು ಎರಡು ಸಲ ಬಿಸಿ ಮಾಡಿದಳು.

ಹತ್ತೂವರೆಗೆ ಹಳೆಯ ಕಾರೊಂದು ಒಳಗೆ ಬಂತು. ವಯಸ್ಸಾದ ಹೆಂಗಸೊಬ್ಬಳು ಮಗಳೊಂದಿಗೆ ಇಳಿದು, ಮರವೊಂದನ್ನು ಮುಟ್ಟಿ ಬೆರಳು ನೋಡಿಕೊಂಡಳು.

"ಇದೇನಮ್ಮಾ, ಧೂಳಾ?"

ಲಿಯೊಬಾರ್ದೊ ಏನೋ ಸಬೂಬು ಹೇಳಹೊರಟ. ಒತೀಲಿಯಾ ಅಡ್ಡ ಬಂದಳು. "ಬೂದಿ ಅಮ್ಮಾ, ದೋನ್ ಗೋಯೊದು. ಮೂರು ದಿನದಿಂದ ಕೊಡವ್ತಾ ಇದೀವಿ, ಒಳಗಡೆ ಇನ್ನೂ ಇದೆ. ಮನೆ ಒಳಗೆ ತಗೊಂಡ್ ಹೋಗೋ ಮುಂಚೆ ಇನ್ನೊಂದ್ಸಲ ಕೊಡವ್ಕೊಳಿ."

ಹೆಂಗಸು ಮಗಳ ಮುಖ ನೋಡಿದಳು. ಹೊರಟೇ ಹೋಗುತ್ತಾರೆ ಎಂದುಕೊಂಡಳು ಒತೀಲಿಯಾ.

"ನಮ್ಮ ಮಹಡಿ ಮೇಲೂ ಬಿದ್ದಿದೆ ಬಿಡು," ಎಂದಳು ಹೆಂಗಸು. "ಗರಗಸ ಎಲ್ಲಿ?"

ಮಗಳು ನೆಲಮಟ್ಟಕ್ಕೆ ಗರಗಸ ಇಟ್ಟಾಗ ಒತೀಲಿಯಾ ತಡೆದಳು. "ಅಷ್ಟು ಕೆಳಗೆ ಬೇಡಮ್ಮಾ. ಅಡಿಯ ಕೊಂಬೆ ಬಿಟ್ಟು ಮೇಲೆ ಕುಯ್ಯಿ. ಅದ್ರಲ್ಲೊಂದು ಎದ್ದು ಮತ್ತೆ ಮರ ಆಗತ್ತೆ." ಮರ ವಾಲಿದಾಗ ಒತೀಲಿಯಾ ಬೇರೆ ಕಡೆ ನೋಡಿದಳು.

ನಾನೂರಾದರೂ ಹೋದಾವು ಎಂದುಕೊಂಡಿದ್ದಳು, ಕ್ರಿಸ್‌ಮಸ್ ಹೊತ್ತಿಗೆ ಇನ್ನೂರ ಹತ್ತು ಹೋದವು. ಸೋತೆವೆನ್ನಲೂ ಆಗದು, ಗೆದ್ದೆವೆನ್ನಲೂ ಆಗದು. ಉಳಿದವು ಇನ್ನೊಂದು ವರ್ಷ ಬೆಳೆಯಬಹುದಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಊಟ ಮಾಡುತ್ತ ಲಿಯೊಬಾರ್ದೊ ಕೇಳಿದ, "ಮೇಲಿನ ತುಂಡಲ್ಲೂ ಪೈನ್ ನೆಡೋಣ್ವಾ?" ಅವನು ಜೋಳಕ್ಕೆಂದು ಹಟ ಹಿಡಿದು ಉಳಿಸಿಕೊಂಡಿದ್ದ ಹೊಲದ ತುಂಡು ಅದು.

ಒತೀಲಿಯಾ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಇಷ್ಟು ದಿನ ಬೇಡ ಎನ್ನಲು ಅವನಾದರೂ ಇದ್ದ, ಇನ್ನು ಆ ಮಾತನ್ನು ಅವಳೇ ಹೇಳಬೇಕಿತ್ತು.

"ಅರ್ಧ ನೆಡೋಣ," ಎಂದಳು. "ಅರ್ಧ ಜೋಳಾನೇ ಇರ್ಲಿ."