ಬೈದವರಿಗೆ ಎಳನೀರು

ಹಿರಿಯೂರಿನ ನಮ್ಮ ತೆಂಗಿನಕಾಯಿ ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. ಒಮ್ಮೆ ಯಲ್ಲದಕೆರೆಯ ಒಬ್ಬರು ಇನ್ನೊಬ್ಬ ವ್ಯಾಪಾರಿಯನ್ನು ಅದರಲ್ಲಿ ಬಾಯಿಗೆ ಬಂದಂತೆ ಬೈದರು. ತಕ್ಷಣ ಅವರನ್ನು ತೆಗೆದುಹಾಕಿದೆ. ಮಾರನೇ ದಿನ ಆಸಾಮಿ ನನ್ನ ಅಂಗಡಿಗೇ ಬಂದು ನಿಂತರು.

"ನಿಮ್ಮಪ್ಪಾಜಿ ಹಿಂಗೆ ಯಾರನ್ನೂ ಹೊರಗೆ ಹಾಕ್ತಿರ್ಲಿಲ್ಲ ಕಣ್ರಿ!"

ನಿಜ. ಅಂಗಡಿಯಲ್ಲಿ ಜಗಳ ಹತ್ತಿದರೆ ಅಪ್ಪ ಇಬ್ಬರಿಗೂ ಎಳನೀರು ಕೆತ್ತಿ ಕೊಡುತ್ತಿದ್ದರು. ಬಾಯಿ ತುಂಬಿದವನು ಬೈಯುವುದು ಹೇಗೆ? ಬುರುಡೆ ಬರಿದಾಗುವಷ್ಟರಲ್ಲಿ ಸಿಟ್ಟೂ ಇಳಿದಿರುತ್ತಿತ್ತು.

ನಾನೂ ಒಂದು ಕೆತ್ತಿ ಕೊಟ್ಟೆ. ಅವರು ಕುಡಿದು, ಮೀಸೆ ಒರೆಸಿಕೊಂಡು, "ನಿನ್ನೆ ಬೈದ್ನಲ್ಲ, ಅವರಿಗೆ ಫೋನ್ ಮಾಡ್ರಿ, ತಪ್ಪಾತು ಅಂತೀನಿ" ಅಂದರು.

ಅಂದಿನಿಂದ ಬೈದವರು ಅಂಗಡಿಗೆ ಬಂದು ಎಳನೀರು ಕುಡಿದರೆ ಮಾತ್ರ ಗ್ರೂಪಿಗೆ ವಾಪಸ್. ಬೇಸಿಗೆಯಲ್ಲಂತೂ ಬೈಯುವವರು ಯಾಕೋ ಜಾಸ್ತಿ.