ಕೋಡಿ ಪೋಯಿಂದಿ

ಮೀನುಗಾರಿಕೆ ಇಲಾಖೆಯಲ್ಲಿದ್ದೇನೆ, ಅದೂ ಚಳ್ಳಕೆರೆಯಲ್ಲಿ ಅಂದರೆ ಜನ ಮೊದಲು ನಗುತ್ತಾರೆ. 'ಅಲ್ಲಿ ಮೀನು ಎಲ್ಲಿ ಹಿಡೀತೀರಿ, ಜಾಲಿ ಗಿಡದಲ್ಲಾ?' ಅಂತ ಕೇಳುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎಷ್ಟೋ ಮದುವೆ ಮನೆಗಳಲ್ಲಿ ಇದೇ ಮಾತಿಗೆ ಊಟದ ಪಂಕ್ತಿಯಲ್ಲಿ ಜಗಳ ಮಾಡಿದ್ದೇನೆ. ನಮ್ಮಲ್ಲಿ ಕೆರೆಗಳಿವೆ, ನೀರು ಬಂದ ವರ್ಷ ಮೀನೂ ಇರುತ್ತದೆ. ತಕರಾರು ಇರುವುದು ನೀರು ಬರುವ ತಿಂಗಳಿನದು.

ನಿಯಮದ ಪ್ರಕಾರ ಆಗಸ್ಟ್ ಮುಗಿಯುವುದರೊಳಗೆ ಕೆರೆಗೆ ಮೀನುಮರಿ ಬಿಡಬೇಕು. ಸತತ ಎರಡು ವರ್ಷ ಬಿಡದಿದ್ದರೆ ಊರಿನ ಮೀನುಗಾರರ ಸಂಘದ ಗುತ್ತಿಗೆ ರದ್ದಾಗಿ ಕೆರೆ ಹರಾಜಿಗೆ ಹೋಗುತ್ತದೆ. ನಿಯಮ ಬರೆದ ಕಾಲಕ್ಕೆ ಅದು ಸರಿಯಾಗಿಯೇ ಇದ್ದಿರಬೇಕು. ಈಗ ನಮ್ಮ ಕಡೆ ಮಳೆ ದಸರಾ ದಾಟಿ ಬರುತ್ತದೆ, ಒಮ್ಮೊಮ್ಮೆ ದೀಪಾವಳಿಯನ್ನೂ ದಾಟುತ್ತದೆ. ಆಗಸ್ಟಿನಲ್ಲಿ ತಪಾಸಣೆಗೆ ಹೋದರೆ ಕೆರೆಯಂಗಳದಲ್ಲಿ ಕುರಿ ಮೇಯುತ್ತಿರುತ್ತವೆ. ಫಾರಂನಲ್ಲಿ 'ನೀರು ಇಲ್ಲ' ಅನ್ನುವ ಕಡೆ ಗುರುತು ಹಾಕಿ ಬರುತ್ತಿದ್ದೆ. ಕಾರ್ತೀಕದಲ್ಲಿ ಕೆರೆಗೆ ನೀರು ಬಂದಾಗ ಕೊಡಲು ಮರಿಯೂ ಇಲ್ಲ, ಅನುಮತಿಯೂ ಇಲ್ಲ.

ಮೊಳಕಾಲ್ಮುರು ದಾಟಿ ಆಂಧ್ರದ ಗಡಿ ಕಡೆ ಇರುವ ಒಂದು ಹಳ್ಳಿಯ ಸಂಘಕ್ಕೆ ಹೀಗೆ ಒಂದು ವರ್ಷ ಖಾಲಿ ಹೋಗಿತ್ತು. ಆ ಸಂಘದ ಕಾರ್ಯದರ್ಶಿ ನನಗಿಂತ ಹತ್ತು ವರ್ಷ ದೊಡ್ಡವರು, ಅಕ್ಕ ಅಂತಲೇ ಕರೆಯುತ್ತಿದ್ದೆ. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ, ಅವಸರವಾದರೆ ಎರಡೂ ಕಲಸಿದ್ದು. ಎರಡನೇ ವರ್ಷವೂ ಆಗಸ್ಟಿನಲ್ಲಿ ಫಾರಂ ತೆಗೆದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ನೀರಿಲ್ಲ ಅಂತ ಬರೀಬ್ಯಾಡ್ರಿ ಮೇಡಂ. ನೀರು ಇನ್ನಾ ಬಂದಿಲ್ಲ ಅಂತ ಬರೀರಿ. ಅದು ಬ್ಯಾರೆ, ಇದು ಬ್ಯಾರೆ."

ಆ ಮಾತನ್ನೇ ಹಿಡಿದುಕೊಂಡು ನಾನು ಮೇಲಿನವರಿಗೆ ಪತ್ರ ಬರೆದೆ. ಒಂದಲ್ಲ, ತಲೆ ಚಿಟ್ಟು ಹಿಡಿಯುವಷ್ಟು. ಕೊನೆಗೆ ಆ ಒಂದು ಕೆರೆಗೆ ಮಾತ್ರ, ಪ್ರಯೋಗಕ್ಕೆಂದು, ಕ್ಯಾಲೆಂಡರ್ ನೋಡದೆ ನೀರು ಬಂದಾಗ ಮರಿ ಬಿಡಲು ಒಪ್ಪಿಗೆ ಬಂತು. ಮೀನು ಚೆನ್ನಾಗಿ ಸಿಕ್ಕರೆ ನಿಯಮ ಬದಲಿಸುವ ಯೋಚನೆ ಮಾಡುತ್ತಾರೆ, ಸಂಘಕ್ಕೆ ಕೆರೆಯೂ ಉಳಿಯುತ್ತದೆ. ಸಿಗದಿದ್ದರೆ ಹರಾಜು. ನವೆಂಬರಿನಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟೆವು. ಏಪ್ರಿಲ್ ಹೊತ್ತಿಗೆ ಒಂದೊಂದೂ ಅಂಗೈ ಮೀರಿ ಬೆಳೆದಿದ್ದವು. ಮೇ ತಿಂಗಳ ಒಂದು ಸೋಮವಾರ ಬಲೆ ಹಾಕುವುದು, ಮೇಲಿನವರು ಬಂದು ನೋಡುವುದು ಎಂದು ಗೊತ್ತಾಯಿತು.

ಅದರ ಹಿಂದಿನ ವಾರ ಮಳೆ ಹಿಡಿಯಿತು. ಮೇ ತಿಂಗಳಲ್ಲಿ ಮೂರು ದಿನ ಬಿಡದೆ ಸುರಿದ ಮಳೆಯನ್ನು ಆ ಊರಿನ ಮುದುಕರೂ ಕಂಡಿರಲಿಲ್ಲ. ಅರ್ಧವಿದ್ದ ಕೆರೆ ತುಂಬಿ ಕೋಡಿಯ ಅಂಚಿಗೆ ಬಂತು. ಹೆಚ್ಚಾದ ನೀರು ಕೋಡಿಯ ಮೇಲೆ ಹರಿದರೆ ಮೀನೂ ಹೋಗುತ್ತದೆ ಎಂದು ಸಂಘದವರು ಅಲ್ಲಿ ಗೂಟ ಹೊಡೆದು ಬಲೆಯ ಬೇಲಿ ಕಟ್ಟಿದರು. ನನಗೆ ಭಯವಿದ್ದದ್ದು ಬೇಲಿಯ ಬಗ್ಗೆಯಲ್ಲ, ಕೋಡಿಯ ಹಳೇ ಕಲ್ಲುಕಟ್ಟಡದ ಬಗ್ಗೆ. ಕೋಡಿ ಕುಸಿದರೆ ಏರಿಯೂ ಒಡೆಯಬಹುದು, ಏರಿಯ ಕೆಳಗೇ ಮನೆಗಳಿವೆ. ಆ ಮೂರು ದಿನ ಉಣ್ಣುವಾಗ, ಮಲಗುವಾಗ ನನ್ನ ತಲೆಯಲ್ಲಿ ಇದ್ದದ್ದು ಕೋಡಿ, ಕೋಡಿ, ಕೋಡಿ.

ಶುಕ್ರವಾರ ಬೆಳಿಗ್ಗೆ ಹಳ್ಳಿಗೆ ಹೊರಟು, ದಾರಿಯಲ್ಲಿ ಸಿಗುವ ತಳಕು ಊರಿನಲ್ಲಿ ಟೀ ಕುಡಿಯುತ್ತಿದ್ದೆ. ಅಕ್ಕನ ಫೋನು ಬಂತು. ಹಿಂದೆ ಗಾಳಿಯ ಸದ್ದು, ಜನರ ಕೂಗಾಟ.

"ಮೇಡಂ, ಕೋಡಿ ಪೋಯಿಂದಿ," ಅಂದರು. ಲೈನ್ ಕಟ್ಟಾಯಿತು. ಮತ್ತೆ ಮತ್ತೆ ಮಾಡಿದೆ, ಸಿಗಲಿಲ್ಲ.

ಪೋಯಿಂದಿ ಅಂದರೆ ಹೋಯಿತು ಎಂದು ಯಾರಿಗೆ ಗೊತ್ತಿಲ್ಲ? ಕೋಡಿ ಹೋಯಿತು. ಕೆರೆ ನೋಡಿಕೊಳ್ಳುವ ಎಂಜಿನಿಯರಿಗೆ ಫೋನ್ ಮಾಡಿ, ಕೋಡಿ ಕುಸಿದಿದೆ, ಊರು ಉಳಿಸಿ ಅಂದೆ. ಕಣ್ಣಾರೆ ಕಂಡವಳ ಹಾಗೆಯೇ ಹೇಳಿದೆ. ಅವರ ಕೆಲಸಗಾರರು ಹತ್ತಿರದ ಬಿ.ಜಿ. ಕೆರೆ ಊರಿನಲ್ಲೇ ಇದ್ದರು. ನೀರಿನ ಒತ್ತಡ ಇಳಿಸಲು ತೂಬು ಪೂರ್ತಿ ಎತ್ತಿ ಎಂದು ಅವರಿಗೆ ಆದೇಶ ಹೋಯಿತು. ಅಂಥ ಸುದ್ದಿಗೆ ಯಾರಾದರೂ ಮಾಡುವುದು ಅದನ್ನೇ.

ನಾನು ಹೋಗಿ ಮುಟ್ಟುವಷ್ಟರಲ್ಲಿ ತೂಬು ತೆರೆದಿತ್ತು. ಕೆಲಸಗಾರರು ಏರಿಯ ಆ ತುದಿಯ ಕೋಡಿಯ ಕಡೆ ಹೋಗದೆ ನೇರ ತೂಬಿಗೇ ಕೈ ಹಾಕಿದ್ದರಂತೆ. ಎಷ್ಟೋ ವರ್ಷದಿಂದ ಅಲುಗದ ತುಕ್ಕು ಹಿಡಿದ ತಿರುಪು, ಎತ್ತುವುದಕ್ಕೆ ನಾಲ್ಕು ಜನ ಬೇಕಾದರಂತೆ. ಈಗ ಇಳಿಸಲು ಹೋದರೆ ಅಲ್ಲೇ ಕಚ್ಚಿಕೊಂಡಿತ್ತು. ಕಾಲುವೆಯ ತುಂಬ ಕೆಂಪು ನೀರು, ನೀರಿನ ಜೊತೆ ಮೀನು. ಹೊಲಗಳಲ್ಲಿ ಹರಡಿಕೊಂಡು ಬಿದ್ದಿದ್ದ ಮೀನನ್ನು ಜನ ಸೆರಗಿಗೆ, ಬುಟ್ಟಿಗೆ, ಸಿಮೆಂಟಿನ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ನಾನು ಕೋಡಿಯ ಕಡೆ ತಿರುಗಿದೆ. ಕೋಡಿ ನೆಟ್ಟಗೆ ನಿಂತಿತ್ತು. ಬಲೆಯ ಬೇಲಿಯೂ ಇತ್ತು, ಅದರ ಗೂಟಗಳಿಗೆ ಅರಿಸಿನ ಕುಂಕುಮ ಬೇರೆ ಹಚ್ಚಿದ್ದರು.

ಅಕ್ಕ ಏರಿಯ ಮೇಲೆ ಕೂತಿದ್ದರು. ನನ್ನ ಕಂಡು ಎದ್ದು ಬಂದರು.

"ಕೋಡಿ ತೆಚ್ಚಿನಾರಾ ಮೇಡಂ?"

ಕೋಡಿ ತಂದಿರಾ. ಆಗ ನನಗೆ ತಿಳಿಯಿತು. ಅವರು ತೆಲುಗು ಆಡುವಾಗಲೂ ಕೆರೆಯ ಕೋಡಿಗೆ ಕೋಡಿ ಅಂತಲೇ ಅನ್ನುತ್ತಾರೆ. ತೆಲುಗಿನಲ್ಲಿ ಕೋಳಿಗೂ ಕೋಡಿ. ನೀರು ಕೋಡಿ ಮುಟ್ಟಿದ ದಿನ ಗಂಗಮ್ಮನಿಗೆ ಕೋಳಿ ಕೊಡುವುದು ಆ ಊರಿನ ಪದ್ಧತಿ. ಕಟ್ಟಿಹಾಕಿದ್ದ ಹುಂಜ ಮಳೆಯಲ್ಲಿ ಹಗ್ಗ ಬಿಡಿಸಿಕೊಂಡು ಓಡಿಹೋಗಿತ್ತು, ಬರುವ ದಾರಿಯಲ್ಲಿ ತಳಕಿನಲ್ಲಿ ಇನ್ನೊಂದು ಹಿಡಿದು ಬನ್ನಿ ಎಂದು ಹೇಳಲು ಫೋನ್ ಮಾಡಿದ್ದರು. ಲೈನ್ ಕಟ್ಟಾದದ್ದು ಗೊತ್ತಾಗದೆ ಅದನ್ನೂ ಹೇಳಿ ಮುಗಿಸಿದ್ದರಂತೆ. ಮೊಳಕಾಲ್ಮುರಿನ ತೆಲುಗು ಮಗ್ಗದವರ ಮನೆಗಳಲ್ಲಿ ಕೋಡಿ ಕೂರ ಅಂತ ಕೋಳಿ ಸಾರು ತಿಂದು ತೆಲುಗು ಕಲಿತವಳು ನಾನು. ಆ ಮಾತು ಕೋಳಿಯದು ಎಂದು ನನಗೆ ಹೊಳೆಯಲೇ ಇಲ್ಲ.

"ತೂಬು ಎತ್ತಿಸಿದ್ದು ನಾನೇ ಅಕ್ಕ," ಅಂದೆ. ಉಳಿದದ್ದನ್ನು ತಡವರಿಸುತ್ತ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಲದ ಕಡೆ ನೋಡುತ್ತ, "ಸೋಮವಾರ ಏನ್ ತೋರ್ಸದು ಮೇಡಂ?" ಅಂದರು.

ಸಂಜೆ ಹೊತ್ತಿಗೆ ತೂಬು ಮುಚ್ಚಿದರು. ಕೆರೆಯಲ್ಲಿ ಮೀನು ಹೆಸರಿಗಷ್ಟೇ ಉಳಿದಿತ್ತು. ಶನಿವಾರ ನಾನು ಮಹಜರು ಬರೆದೆ. ಮೀನು ನಷ್ಟವಾಗಲು ಕಾರಣ ಎಂಬಲ್ಲಿ 'ಅಕಾಲಿಕ ಮಳೆ, ಪ್ರಕೃತಿ ವಿಕೋಪ' ಎಂದು ಬರೆದೆ. ಕಚೇರಿಯ ಹಿರಿಯರೊಬ್ಬರು, ಹಾಗೆ ಬರೆದರೆ ಯಾರ ತಲೆಗೂ ಬರುವುದಿಲ್ಲ ಅಂದಿದ್ದರು. ಅವರು ಹೇಳದಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ. ಹೆದರಿಕೊಂಡಿದ್ದೆ, ಅಷ್ಟೇ.

ಭಾನುವಾರ ಅಕ್ಕನ ಜಗಲಿಯಲ್ಲಿ ಅವರ ಸೈನಿಗೆ ಕಾಗದ ಚಾಚಿದೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಬೆರಳು ಆ ಸಾಲಿನಲ್ಲಿ ನಿಂತಿತು.

"ಮಳೆ ಮ್ಯಾಗೆ ಯಾಕ್ರಿ ಹಾಕೀರಿ? ನಾನು ಇದಕ್ಕೆ ಸೈನ್ ಹಾಕಿದ್ರೆ, ನವೆಂಬರ್ನಾಗೆ ಮರಿ ಬಿಟ್ರೆ ಮೇನಾಗೆ ಕೊಚ್ಕಂಡು ಹೋಗ್ತಾವೆ ಅಂತ ಆಗಲ್ವಾ? ಕೆರೆ ಹರಾಜಿಗೆ ಹೋಗ್ತೈತಲ್ಲ?"

ಪ್ರಯೋಗ ಸೋತಿತೆಂದು ನನ್ನ ಕೈಯಾರೆ ಬರೆದುಕೊಂಡು ಬಂದಿದ್ದೆ. ಬ್ಯಾಗಿನಿಂದ ಇನ್ನೊಂದು ಫಾರಂ ತೆಗೆದೆ. ಫೋನಿನಲ್ಲಿ ಬಂದ ಮಾತನ್ನು ನಾನು ತಪ್ಪಾಗಿ ತಿಳಿದದ್ದು, ಪರಿಶೀಲಿಸದೆ ಸುಳ್ಳು ಸುದ್ದಿ ಕೊಟ್ಟದ್ದು, ಆ ಕಾರಣಕ್ಕೆ ತೂಬು ಎತ್ತಿದ್ದು, ಮಳೆಯಿಂದ ಕೋಡಿಗಾಗಲಿ ಬೇಲಿಗಾಗಲಿ ಹಾನಿಯಾಗದೆ ಮೀನು ಕೆರೆಯಲ್ಲೇ ಇದ್ದದ್ದು, ಎಲ್ಲವನ್ನೂ ಬರೆದು ಓದಿ ಹೇಳಿದೆ.

"ಇಂಗೆ ಬರದ್ರೆ ನಿಮಗೇನಾಗ್ತೈತೆ ಮೇಡಂ?"

"ನೋಟಿಸ್ ಕೊಡ್ತಾರೆ. ಎಲ್ಲಿಗಾದ್ರೂ ಎತ್ತಿ ಹಾಕ್ತಾರೆ."

"ಕೆರೆ?"

"ಇನ್ನೊಂದು ವರ್ಷ ನಿಮಗೇ ಉಳಿಯಬಹುದು."

ಅಕ್ಕ ಮೊದಲಿನ ಕಾಗದವನ್ನು ಮಡಿಸಿ ನನಗೆ ವಾಪಸ್ ಕೊಟ್ಟರು. ಬೇಡ ಬಿಡಿ ಮೇಡಂ, ನಿಮಗ್ಯಾಕೆ ತೊಂದರೆ ಅನ್ನುತ್ತಾರೆ ಎಂದು ನಾನು ಕಾದೆ. ನಾಚಿಕೆಯಿಂದ ಹೇಳುತ್ತೇನೆ, ಆಸೆಯಿಂದಲೇ ಕಾದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನ ಪೆನ್ನು ತೆಗೆದುಕೊಂಡರು. ಸೈನ್ ಎಲ್ಲಿ ಹಾಕಬೇಕು ಎಂದಷ್ಟೇ ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ.