ಟರ್ಬೊಗೆ ಡ್ರಿಪ್ ಪೈಪು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಒತ್ತಡದ ಪಾಠವನ್ನಂತೂ ಪುಸ್ತಕ ತೆರೆಯದೆಯೇ ಮಾಡುತ್ತಿದ್ದೆ. ಹಾಗಾಗಿ ನಮ್ಮ ಹಳೆಯ ಡೀಸೆಲ್ ಕಾರಿನ ಟರ್ಬೊ ಒತ್ತಡವನ್ನು ನಾನೇ ಸರಿ ಮಾಡುತ್ತೇನೆಂದು ಹೊರಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಂಡೆಕೋಲಿನ ನಮ್ಮ ಮನೆಯ ಕೆಳಗೆ ಒಂದು ಚಡಾವು ಇದೆ. ಕಾರು ಅದನ್ನು ಹತ್ತುವಾಗ ಏದುಸಿರು ಬಿಡತೊಡಗಿತ್ತು. ಅದರಲ್ಲೇ ದಿನಾ ಸುಳ್ಯಕ್ಕೆ ಕೆಲಸಕ್ಕೆ ಹೋಗಿಬರುವ ಹೆಂಡತಿಗೆ ಸಾಕಾಗಿತ್ತು. ಮಾರಿಬಿಡುವ ಎಂದು ಅವಳೇ ಒಂದು ಗಿರಾಕಿಯನ್ನೂ ಹುಡುಕಿದಳು. ಭಾನುವಾರ ನೋಡಲು ಬರುತ್ತಾರೆಂದಳು. ನಾವಿಬ್ಬರೂ ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲಿ, ಒಂದೇ ಗೋಡೆಗೆ ಇಬ್ಬರೂ ಉಜ್ಜಿದವರು. ಅದನ್ನು ಕೊಡುವುದೆಂದರೆ ನನಗೆ ಸಂಕಟವಾಯಿತು. ಭಾನುವಾರದೊಳಗೆ ಮೂರನೇ ಗೇರಿನಲ್ಲಿ ಹತ್ತಿಸಿ ತೋರಿಸುತ್ತೇನೆ, ಆಗದಿದ್ದರೆ ಕೊಟ್ಟುಬಿಡುವ ಎಂದೆ.

ಎಂಜಿನಿನ ಹೊಗೆಯೇ ಟರ್ಬೊವನ್ನು ತಿರುಗಿಸುತ್ತದೆ, ಟರ್ಬೊ ಎಂಜಿನಿಗೆ ಗಾಳಿ ಒತ್ತುತ್ತದೆ. ಒತ್ತಡ ಮಿತಿಗೆ ಬಂದಾಗ ಸಣ್ಣದೊಂದು ಪೈಪಿನ ಮೂಲಕ ಅದು ಡಬ್ಬಿಯೊಂದಕ್ಕೆ ತಲುಪಿ, ಡಬ್ಬಿಯ ಸರಳು ಒಂದು ಬಾಗಿಲು ತೆರೆದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ. ಸರಳಿನ ನಟ್ಟು ಬಿಗಿ ಮಾಡಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ. ಇಷ್ಟೇ ವಿಷಯ.

ಪುತ್ತೂರಿನಿಂದ ಒತ್ತಡ ಅಳೆಯುವ ಒಂದು ಮೀಟರ್ ತಂದು ಸ್ಟಿಯರಿಂಗಿನ ಪಕ್ಕ ಕೂರಿಸಿದೆ. ಅದನ್ನು ಆ ಸಣ್ಣ ಪೈಪಿಗೆ ಸೇರಿಸಲು ಕವಲಿನ ಜಾಯಿಂಟ್ ಬೇಕಿತ್ತು. ನಮ್ಮ ಕಡೆ ಯಾವುದನ್ನು ಯಾವುದಕ್ಕೆ ಸೇರಿಸಬೇಕಿದ್ದರೂ ಕೈ ಮೊದಲು ಹೋಗುವುದು ತೋಟದ ಡ್ರಿಪ್ ಸಾಮಾನಿನ ಗೋಣಿಗೆ. ವಾಷಿಂಗ್ ಮಷೀನಿಗೂ ಅದೇ, ಕೋಳಿಗೂಡಿನ ನೀರಿಗೂ ಅದೇ. ಕಾರಿಗೂ ಅದನ್ನೇ ಹಾಕಿದೆ.

ಚಡಾವಿನಲ್ಲಿ ಮೀಟರಿನ ಮುಳ್ಳು ಅರ್ಧ ಬಾರ್ ಹತ್ತಿರ ನಿಂತಿತು. ಬೇಕಾದದ್ದು ಒಂದು ಬಾರ್ ಒತ್ತಡ. ನಟ್ಟು ಬಿಗಿ ಮಾಡಿದೆ, ಮುಳ್ಳು ಚೂರು ಏರಿತು. ಇನ್ನೂ ಬಿಗಿ ಮಾಡಿದೆ. ಮರುದಿನ ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಚಡಾವು ಹತ್ತಿತು. ನಾನು ಬೀಗಿದೆ. ಪಕ್ಕದಲ್ಲಿದ್ದ ಹೆಂಡತಿ ಬಾನೆಟಿನೊಳಗೆ ಸುಯ್ ಅಂತ ಕೇಳುತ್ತದೆ, ಮೊದಲು ಇರಲಿಲ್ಲ ಎಂದಳು. ಟರ್ಬೊ ಅಂದರೆ ಹಾಗೆಯೇ ಎಂದು ನಾನು ಮುಳ್ಳು ತೋರಿಸಿದೆ. ಮುಳ್ಳು ಇನ್ನೂ ಒಂದಕ್ಕೆ ಬಂದಿರಲಿಲ್ಲ.

ಅದೊಂದು ಕೊರತೆ ಯಾಕೆಂದು ತಿಳಿಯಲು ಶನಿವಾರ ಬೆಳಿಗ್ಗೆ ಕುಂಬ್ರಕ್ಕೆ ಹೋದೆ. ಅಲ್ಲಿನ ಮೆಕ್ಯಾನಿಕ್ ಗಲ್ಫಿನಲ್ಲಿ ಹಲವು ವರ್ಷ ಗ್ಯಾರೇಜಿನಲ್ಲಿ ದುಡಿದು ಬಂದ ಬ್ಯಾರಿ ಸಮುದಾಯದವರು. ಅವರು ನನ್ನ ಮೀಟರನ್ನು ನೋಡಲೇ ಇಲ್ಲ. ಬಾನೆಟ್ ಎತ್ತಿಸಿ, ರೇಸ್ ಮಾಡಿಸಿ, ಜಾಯಿಂಟಿನ ಬಳಿ ಅಂಗೈ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮಾಷ್ಟ್ರೆ, ತೋಟದಲ್ಲಿ ಈ ಜಾಯಿಂಟ್ ನಾಲ್ಕು ತೊಟ್ಟು ಬಿಟ್ರೆ ಹುಲ್ಲಿಗಾದ್ರೂ ನೀರು ಸಿಗ್ತದೆ. ಇಲ್ಲಿ ಬಿಟ್ರೆ ಎಂಜಿನ್ ಹೋಗ್ತದೆ.”

ಅವರದೇ ಮೀಟರನ್ನು ನೇರ ಜೋಡಿಸಿ ರಸ್ತೆಗಿಳಿದಾಗ ಮುಳ್ಳು ಒಂದೂವರೆಗೆ ಹೋಯಿತು. ಬಿಸಿಗೆ ಸಡಿಲಾದ ಜಾಯಿಂಟಿನಿಂದ ಗಾಳಿ ಸೋರಿ, ನನ್ನ ಮೀಟರಿಗೂ ಡಬ್ಬಿಗೂ ನಿಜವಾದ ಒತ್ತಡ ತಿಳಿದೇ ಇರಲಿಲ್ಲ. ಅದರ ಮೇಲೆ ನಾನು ನಟ್ಟು ಬೇರೆ ಬಿಗಿ ಮಾಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವರು ಸರಿಯಾದ ರಬ್ಬರ್ ಪೈಪೂ ಜಾಯಿಂಟೂ ಹಾಕಿ, ನನ್ನ ಮೀಟರನ್ನು ಮತ್ತೆ ಸೇರಿಸಿ, ನಾನು ತಿರುಗಿಸಿದ ಸುತ್ತುಗಳನ್ನೆಲ್ಲ ವಾಪಸ್ ತಿರುಗಿಸಿದರು. ಎಂಜಿನಿಗೆ ಗಾಳಿ ಒಯ್ಯುವ ದೊಡ್ಡ ಹೋಸು ಅಡಿಯಲ್ಲಿ ಸೀಳಿತ್ತು. ಮೊದಲಿನ ಏದುಸಿರಿಗೆ ಅದೇ ಕಾರಣವಾಗಿತ್ತು, ಅದನ್ನೂ ಬದಲಿಸಿದರು. ಜಾಯಿಂಟ್ ಸೋರುವ ಸದ್ದು ಯಾರಿಗೂ ಕೇಳಲಿಲ್ಲವಾ ಎಂದು ವಿಚಾರಿಸಿದರು. ಹೆಂಡತಿ ಹೇಳಿದ್ದಳು ಎಂದು ಒಪ್ಪಿಕೊಂಡೆ.

“ಹಾಗಾದ್ರೆ ಒಳ್ಳೆ ಮೀಟರ್ ಮನೆಯಲ್ಲೇ ಉಂಟಲ್ಲ ಮಾರಾಯ್ರೆ,” ಎಂದರು.

ಭಾನುವಾರ ಬೆಳಿಗ್ಗೆ ಕೀ ಅವಳ ಕೈಗೆ ಕೊಟ್ಟೆ. ಸುಳ್ಯಕ್ಕೆ ಹೋಗಿ ಮೀನು ತಂದು ಮರಳುವಾಗ, ದಾರಿಯಲ್ಲಿ ನನ್ನ ಪೆದ್ದುತನವನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ, ಕಿವಿಗೊಟ್ಟು ಎಂಜಿನನ್ನು ಕೇಳುತ್ತಿದ್ದಳು. ಚಡಾವಿನಲ್ಲಿ ಮೂರನೇ ಗೇರು ಬದಲಿಸಲೇ ಇಲ್ಲ. ಮುಳ್ಳು ಒಂದಕ್ಕೆ ಏರಿ ಅಲ್ಲೇ ನಿಂತಿತು. ಸುಯ್ ಇರಲಿಲ್ಲ.

ಮೇಲೆ ತಲುಪುವಾಗ ಅವಳ ಫೋನ್ ರಿಂಗಾಯಿತು. ಬದಿಗೆ ನಿಲ್ಲಿಸಿ ಎತ್ತಿದಳು. ಗಿರಾಕಿ ಹೊರಡುವವರಿದ್ದರು, ದಾರಿ ಕೇಳುತ್ತಿದ್ದರು.

“ಬೇಜಾರು ಮಾಡ್ಬೇಡಿ, ಬರುದು ಬೇಡ,” ಎಂದಳು. “ಗಾಡಿ ನಮಗೇ ಬೇಕು.”

ಆಮೇಲೆ ಮನೆಯ ಕಡೆ ಹೋಗದೆ, ಕಾರು ತಿರುಗಿಸಿ, ಇನ್ನೊಮ್ಮೆ ಹತ್ತಿಸಲು ಕೆಳಗೆ ಇಳಿಸಿದಳು.